ನಡುಸಾಲಿನ ಪಿನ್ನುಗಳು

ಬುಧವಾರ ಬೆಳಿಗ್ಗೆ ಹಚ್ಚೊಳ್ಳಿಯಿಂದ ಬಂದವನು ಗೋಣಿತಟ್ಟಿನ ತುಂಡಿನಲ್ಲಿ ಸುತ್ತಿದ ಕಬ್ಬಿಣವೊಂದನ್ನು ಕಟ್ಟೆಯ ಮೇಲಿಟ್ಟು, ಕೊಟ್ಟ ನೀರನ್ನೂ ಕುಡಿಯದೆ ಹೊರಟುಹೋದ.

ಅಕ್ಕನಾಗಮ್ಮ ಅದನ್ನು ಬಿಚ್ಚಿ ನೋಡಿದಳು. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಕೊಂಡಿಯೊಳಗೆ ಇಳಿಬಿಡುವ ಪಿನ್ನು. ಗೇಣುದ್ದ, ಹೆಬ್ಬೆರಳಿಗಿಂತ ತುಸು ದಪ್ಪ. ತಲೆಯ ಮೇಲೆ 'ಹಾ' ಎಂಬ ಅಕ್ಷರ. ಬಳ್ಳಾರಿಯಲ್ಲಿ ಮನೆಗೆ ಹೊಂದಿಕೊಂಡೇ ಇದ್ದ, ಅವಳ ಗಂಡ ಹಾಲಸಿದ್ದಪ್ಪನ ವರ್ಕ್‌ಶಾಪಿನ ಗುರುತು ಅದು. ಪಿನ್ನು ಎರಡು ತುಂಡಾಗಿತ್ತು. ಒಂದೇ ಪೆಟ್ಟಿಗೆ ಮುರಿದದ್ದಲ್ಲ. ಸವೆದು ಸವೆದು ನಡುವೆ ಸೊಂಟದಂತೆ ಸಣ್ಣಗಾಗಿ, ಕಡೆಗೆ ಭಾರ ತಾಳದೆ ಕತ್ತರಿಸಿಹೋದದ್ದು. ಐದೇ ವಾರದಲ್ಲಿ.

ಹಿಂದಿನ ದಿನ ನಡೆದದ್ದನ್ನು ಬಂದವನು ನಾಲ್ಕು ಮಾತಿನಲ್ಲಿ ಹೇಳಿದ್ದ. ಭತ್ತದ ಸಸಿ, ಅದರ ಮೇಲೆ ನಾಟಿಯ ಹೆಣ್ಣಾಳುಗಳನ್ನು ಹೇರಿಕೊಂಡು ಟ್ರ್ಯಾಕ್ಟರು ಕಾಲುವೆಯ ಏರಿ ಹತ್ತುತ್ತಿತ್ತು. ಪಿನ್ನು ಹೋಯಿತು. ಟ್ರೇಲರು ಹಿಂದಕ್ಕೆ ಉರುಳಿತು. ಎಲ್ಲರೂ ಹಾರಿಕೊಂಡರು, ಹನುಮಮ್ಮ ಎಂಬವಳ ಬಲಗಾಲು ಗಾಲಿಯ ಕೆಳಗೆ ಸಿಕ್ಕಿತು. ಸಂಜೆಯ ಹೊತ್ತಿಗೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲನ್ನು ತೆಗೆದಿದ್ದರು.

ತುಂಡನ್ನು ಕೈಯಲ್ಲಿ ಹಿಡಿದು ನಿಂತ ಅಕ್ಕನಾಗಮ್ಮನಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ತಪ್ಪು ಎಲ್ಲಿ ಹುಟ್ಟಿತೆಂದು ಅವಳಿಗೆ ಗೊತ್ತಿತ್ತು. ಅವಳ ಬಾಯಲ್ಲಿ ಹುಟ್ಟಿತ್ತು.

ಮೆತ್ತನೆಯ ಕಬ್ಬಿಣದಲ್ಲಿ ಕಡೆದ ಪಿನ್ನು ಹಾಗೆಯೇ ಬಾಳುವುದಿಲ್ಲ, ಅದಕ್ಕೆ ಗಟ್ಟಿ ಚರ್ಮ ಬರಬೇಕು. ಅದಕ್ಕಾಗಿ ಪಿನ್ನುಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಸುತ್ತಲೂ ಇದ್ದಲ ಪುಡಿ ತುಂಬಿ, ಒಂದಿಷ್ಟು ಸೋಡಾ ಬೆರೆಸಿ, ಮುಚ್ಚಳಕ್ಕೆ ಮಣ್ಣು ಮೆತ್ತಿ ಕುಲುಮೆಯಲ್ಲಿ ಇಡುತ್ತಾರೆ. ಒಳಗಿನ ಪಿನ್ನು ಹಣ್ಣು ಮೆಣಸಿನಕಾಯಿಯ ಬಣ್ಣ ದಾಟಿ ಕಿತ್ತಳೆಗೆ ತಿರುಗಿದಾಗ ಮಾತ್ರ ಇದ್ದಲಿನ ಸತ್ವ ಕಬ್ಬಿಣದೊಳಗೆ ಮೆಲ್ಲಗೆ ಇಳಿಯಲು ತೊಡಗುತ್ತದೆ. ಆರು ತಾಸಿಗೆ ಅಕ್ಕಿಕಾಳಿನ ದಪ್ಪದಷ್ಟು. ಆಮೇಲೆ ತೆಗೆದು ಎಣ್ಣೆಯಲ್ಲಿ ಅದ್ದಿದರೆ ಕಬ್ಬಿಣ ಉಜ್ಜುವ ಅರ ಕೂಡ ಕಚ್ಚುವುದಿಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ.

ಹಾಲಸಿದ್ದಪ್ಪನ ಹಳೆಯ ಪೆಟ್ಟಿಗೆ ಒಂದು ಗೇಣು ಅಗಲದ್ದು, ಒಂದೇ ಸಾಲು, ಅದಕ್ಕೆ ಆರು ತಾಸು. ಸಿರುಗುಪ್ಪದಲ್ಲಿ ಟ್ರೇಲರು ಕಟ್ಟುವ ಗವಿಸಿದ್ದಪ್ಪ ಒಮ್ಮೆಗೇ ಇಪ್ಪತ್ನಾಲ್ಕು ಪಿನ್ನು ಕೇಳಿದಾಗ ಅವನು ಹಳೆಯದನ್ನು ಬಿಚ್ಚಿಸಿ, ಎರಡರಷ್ಟು ಅಗಲದ ಹೊಸ ಪೆಟ್ಟಿಗೆ ಬೆಸೆಸಿದ. ಅಂಚಿಗೆ ಹನ್ನೆರಡು, ನಡುವೆ ಹನ್ನೆರಡು. ಮೊದಲ ಸಲ ಕುಲುಮೆ ಹೊತ್ತಿಸುವ ದಿನ ಅಡುಗೆಮನೆಯ ಕಿಟಕಿಗೆ ಬಂದು, ಪೆಟ್ಟಿಗೆ ಎರಡು ಪಟ್ಟು ಆಗೈತಿ, ಎಷ್ಟು ತಾಸು ಇಡಬೇಕು ಎಂದು ಹೆಂಡತಿಯನ್ನು ಕೇಳಿದ. ಅವಳು ಅನ್ನ ಬಸಿಯುತ್ತಿದ್ದಳು. ಗಂಜಿಯ ಹಬೆ ಮುಖಕ್ಕೆ ಹೊಡೆಯುತ್ತಿತ್ತು, ಒಳಗೆ ಅತ್ತೆ ಕರೆಯುತ್ತಿದ್ದರು. ತಿರುಗಿಯೂ ನೋಡದೆ, ಎರಡು ಪಟ್ಟು ಇಟ್ಟರೆ ಆಯಿತು ಎಂದಳು. ಅವನು ಹನ್ನೆರಡು ತಾಸು ಇಟ್ಟ. ಬಿ.ಎಸ್ಸಿ. ಓದಿದವಳ ಮಾತು.

ಕಾಲೇಜಿನಲ್ಲಿ ಎರಡನೆಯ ವರ್ಷ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದು, ವಸ್ತುವಿನೊಳಗೆ ಶಾಖ ನಡೆದುಹೋಗುವ ರೀತಿ ಇದು ಎಂದಿದ್ದರು. ಅದರ ಕೆಳಗೆ ಅದೇ ಆಕಾರದ್ದು ಇನ್ನೊಂದನ್ನು ಬರೆದು, ಒಂದು ಘನವಸ್ತುವಿನ ಕಣ ಇನ್ನೊಂದರೊಳಗೆ ಸೇರುವುದೂ ಹೀಗೆಯೇ, ಒಂದನ್ನು ಬಲ್ಲವರು ಇನ್ನೊಂದನ್ನೂ ಬಲ್ಲರು ಎಂದಿದ್ದರು. ದೂರ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು. ಅವಳಿಗೆ ಪೂರ್ತಿ ಅಂಕ ಬಂದಿತ್ತು.

ಹನ್ನೆರಡು ತಾಸಲ್ಲ, ಇಪ್ಪತ್ನಾಲ್ಕು ಬೇಕಿತ್ತು. ಇದ್ದಲ ಪುಡಿ ಹತ್ತಿಯ ಹಾಸಿಗೆಯಿದ್ದ ಹಾಗೆ, ಬೆಂಕಿಯನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಅಂಚಿನ ಹನ್ನೆರಡು ಪಿನ್ನು ಬೆಂದಿದ್ದವು. ನಡುಸಾಲಿನವು ಬೆಚ್ಚಗಾಗಿದ್ದವು, ಅಷ್ಟೆ. ನೋಡಲು ಎಲ್ಲವೂ ಒಂದೇ ಕಪ್ಪು. ಒಂದು ಮುರಿದಿತ್ತು. ಉಳಿದ ಹನ್ನೊಂದು ಯಾವ ಯಾವ ಟ್ರೇಲರಿನ ಕೊಂಡಿಯಲ್ಲಿ, ಎಷ್ಟೆಷ್ಟು ಸವೆದು, ಎಷ್ಟು ಜನರನ್ನು ಎಳೆಯುತ್ತಿವೆಯೋ. ಕಾಲುವೆಗೆ ನೀರು ಬಿಟ್ಟು ಹತ್ತು ದಿನವಾಗಿತ್ತು. ಸಿರುಗುಪ್ಪ ಸೀಮೆಯ ಎಲ್ಲ ಟ್ರೇಲರುಗಳೂ ಈಗ ಹೆಣ್ಣಾಳುಗಳನ್ನು ಹೊರುವ ಕಾಲ.

ಹಾಲಸಿದ್ದಪ್ಪ ಮುರಿದ ತುಂಡನ್ನು ಬಹಳ ಹೊತ್ತು ನೋಡಲಿಲ್ಲ. ಗೋಣಿತಟ್ಟಿನಲ್ಲಿ ಮತ್ತೆ ಸುತ್ತಿ ಅಟ್ಟದ ಮೇಲಿಟ್ಟ. ಪೊಲೀಸರು ಬಂದು ಕೇಳಬಹುದು, ಕೇಳಿದರೆ ಈ ಸಲದ ಇದ್ದಲು ಸರಿಯಿರಲಿಲ್ಲ ಎಂದರಾಯಿತು ಎಂದ. ಇದ್ದಲು ಮಾರೆಣ್ಣನ ಜವಾಬ್ದಾರಿ. ಕುಲುಮೆಯ ಮಾರೆಣ್ಣ ಹಾಲಸಿದ್ದಪ್ಪನ ತಂದೆಯ ಕಾಲದಿಂದ, ಹತ್ತೊಂಬತ್ತು ವರ್ಷದಿಂದ ಆ ವರ್ಕ್‌ಶಾಪಿನಲ್ಲಿದ್ದವನು.

ಮಾರೆಣ್ಣನ ಇದ್ದಲಿಗೂ ಇದಕ್ಕೂ ಸಂಬಂಧವಿಲ್ಲ, ತಪ್ಪು ಹೇಳಿದವಳು ನಾನು ಎಂದಳು ಅಕ್ಕನಾಗಮ್ಮ.

"ಅದು ಒಳಮನಿ ಮಾತು," ಎಂದ ಅವನು. "ನಾ ಕೇಳಿದೆ, ನೀ ಹೇಳಿದಿ. ಒಳಮನ್ಯಾಗ ಇರಲಿ."

ಅವಳು ಹನ್ನೊಂದು ಎಂದಳು. ಅವನಿಗೆ ಅರ್ಥವಾಗಲಿಲ್ಲ. ಇನ್ನೂ ಹನ್ನೊಂದು ಹೊರಗಿವೆ ಎಂದು ಬಿಡಿಸಿ ಹೇಳಿದಾಗ ಅವನು ಅಲ್ಲೇ ಮಂಚದ ಮೇಲೆ ಕೂತ. ಕೆಟ್ಟ ಮನುಷ್ಯನಲ್ಲ. ಹೆದರಿದ ಮನುಷ್ಯ. ಬದಲಿ ಕೊಡುವುದಾದರೆ ಕೊಡೋಣ, ಆದರೆ ಕಾರಣ ಹೇಳುವುದು ಬೇಡ, ಹೊಸ ಮಾಡೆಲ್ ಬಂದಿದೆ, ಹಳೆ ಗಿರಾಕಿಗಳಿಗೆ ಪುಕ್ಕಟೆ ಎನ್ನಬೇಕು ಎಂದ. ತಾನು ಬರುವುದಿಲ್ಲ, ಆ ಕಡೆ ಮುಖ ತೋರಿಸಲಾರೆ ಎಂದೂ ಹೇಳಿದ.

ಮಾರೆಣ್ಣನನ್ನು ಕೇಳಿದಾಗ, ಬರಿಯ ಕಬ್ಬಿಣದ ಪಿನ್ನು ಹನ್ನೆರಡು ಕಡೆದಿಟ್ಟದ್ದು ಇದೆ, ಹೊಸದಾದರೆ ಮೆತ್ತಗಿದ್ದರೂ ಒಂದು ತಿಂಗಳು ತಡೆಯುತ್ತವೆ, ನಾಳೆಯೇ ಒಯ್ದು ಹಾಕಿ ಆಮೇಲೆ ಗಟ್ಟಿಯದು ಕೊಡೋಣ ಎಂದ. ಅದು ಸರಿಯಾದ ಮಾತೇ. ಆದರೆ ಅಕ್ಕನಾಗಮ್ಮ ಗಂಡನ ಮುಖ ನೋಡಿದಳು. ಆ ಮುಖ ಹಗುರವಾದದ್ದನ್ನು ಕಂಡಳು. ಒಂದು ತಿಂಗಳ ಮೇಲೆ ಈ ಮನೆಯಿಂದ ಯಾರೂ ಹಚ್ಚೊಳ್ಳಿಗೆ ಹೋಗುವುದಿಲ್ಲವೆಂದು ಅವಳಿಗೆ ಆಗಲೇ ಗೊತ್ತಾಯಿತು. ಗೊತ್ತಿದ್ದೂ ಗೊತ್ತಿದ್ದೂ ಮೆತ್ತನೆಯ ಪಿನ್ನನ್ನು ಇನ್ನೊಮ್ಮೆ ಜನರ ಕೈಗೆ ಕೊಡುವುದು ಅವಳಿಂದ ಆಗಲಿಲ್ಲ. ನಾಳೆ ಒಂದು ದಿನ ಕೊಡಿ ಎಂದಳು. ಆ ಒಂದು ದಿನದಲ್ಲಿ ಇನ್ನೊಂದು ಪಿನ್ನು ಹೋದರೆ ಅದೂ ತನ್ನ ತಲೆಗೇ ಎಂದು ಲೆಕ್ಕ ಹಾಕಿಯೇ ಹೇಳಿದಳು.

ಆದರೆ ಒಂದು ದಿನದಲ್ಲಿ ಆಗಬೇಕಲ್ಲ. ಹಳೆಯ ಸಣ್ಣ ಪೆಟ್ಟಿಗೆಯ ತಗಡೆಲ್ಲ ದೊಡ್ಡದರಲ್ಲಿ ಸೇರಿಹೋಗಿತ್ತು. ದೊಡ್ಡದರ ಅಂಚಿಗಷ್ಟೇ ನಿಲ್ಲಿಸೋಣವೆಂದರೆ, ಅಂಚಿನವೂ ಒಂದೇ ಮಗ್ಗುಲಿನಿಂದ ಕಾಯುವವು. ಒಳಮಗ್ಗುಲು ಹೇಗಿತ್ತೋ ಎಂಬ ಅನುಮಾನ ಅವಳನ್ನು ಈಗ ಬಿಡಲಿಲ್ಲ. ಅವಳ ಅತ್ತೆ ಗುರುಬಸಮ್ಮ ಬಚ್ಚಲಲ್ಲಿ ತಾಮ್ರದ ಬಾಯ್ಲರಿಗೆ ಉರಿ ಹಾಕುತ್ತಿದ್ದರು. ಮೊದಲು ಮನೆಯಲ್ಲಿದ್ದದ್ದು ಹಂಡೆ, ಕೆಳಗಷ್ಟೇ ಬೆಂಕಿ, ನೀರು ಕಾಯಲು ಒಂದು ತಾಸು. ಈ ಬಾಯ್ಲರಿನ ಹೊಟ್ಟೆಯ ನಡುವೆ ಕೊಳವೆ ಹಾದಿದೆ. ಬೆಂಕಿ ನೀರಿನ ನಡುವೆಯೇ ಏರಿಹೋಗುತ್ತದೆ, ಕಾಲು ತಾಸಿಗೆ ಕೈಯಿಡಲಾಗುವುದಿಲ್ಲ. ಅಕ್ಕನಾಗಮ್ಮ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದಳು. ದೂರವನ್ನು ಕಡಿಮೆ ಮಾಡಿದರೆ ಹೊತ್ತು ತಾನಾಗಿ ಕಡಿಮೆಯಾಗುತ್ತದೆ. ಬೆಂಕಿ ನಡುವಿಗೆ ನಡೆದು ಹೋಗಬೇಕಾಗಿಲ್ಲ, ನಡುವಿನಲ್ಲೇ ಇರಬಹುದು.

ಏನು ಸೊಸೆ ಬಾಯ್ಲರನ್ನು ಹಿಂದೆ ನೋಡಿಲ್ಲವೇನು ಎಂದು ಗುರುಬಸಮ್ಮ ಕೇಳುವಷ್ಟರಲ್ಲಿ ಅವಳು ವರ್ಕ್‌ಶಾಪಿನ ಕಡೆ ನಡೆದಿದ್ದಳು.

ಮಾರೆಣ್ಣ ಗುಜರಿಯಿಂದ ನಾಲ್ಕು ಅಂಗುಲದ ಕೊಳವೆಯೊಂದನ್ನು ಹುಡುಕಿ ತಂದ. ಪೆಟ್ಟಿಗೆಯ ತಳಕ್ಕೂ ಮುಚ್ಚಳಕ್ಕೂ ತೂತು ಕೊರೆದು ಅದನ್ನು ನಡುವೆ ನಿಲ್ಲಿಸಿ ಬೆಸೆದ. ಕೊಳವೆಯ ಸುತ್ತ ಒಂದೇ ಸಾಲಿನಲ್ಲಿ ಹನ್ನೆರಡು ಪಿನ್ನು. ಯಾವ ಪಿನ್ನಿನಿಂದಲೂ ಕಾದ ಕಬ್ಬಿಣ ಮೂರು ಬೆರಳಿಗಿಂತ ದೂರವಿಲ್ಲ, ಈ ಮಗ್ಗುಲಿಗೂ ಅಷ್ಟೆ, ಆ ಮಗ್ಗುಲಿಗೂ ಅಷ್ಟೆ. ಇದ್ದಲನ್ನು ಸಡಿಲವಾಗಿ ಸುರಿಯದೆ ಕಡ್ಡಿಯಿಂದ ತಟ್ಟಿ ತಟ್ಟಿ ತುಂಬಿದರು. ಪಿನ್ನಿನ ಕಬ್ಬಿಣದ್ದೇ ಒಂದು ತೆಳು ಸಲಾಕೆಯನ್ನು ಪಿನ್ನುಗಳ ಜೊತೆ ಇಳಿಸಿ, ಅದರ ತುದಿಯನ್ನು ಹೊರಗೆ ಬಿಟ್ಟರು. ಅದನ್ನು ಎಳೆದು ನೋಡಿದರೆ ಒಳಗಿನ ಸ್ಥಿತಿ ತಿಳಿಯುತ್ತದೆ.

ಮಾರೆಣ್ಣ ಮಣ್ಣು ಮೆತ್ತುತ್ತ, ತನ್ನಪ್ಪ ಇದ್ದಲಿಗೆ ದನದ ಗೊರಸು ಸುಟ್ಟ ಪುಡಿ ಬೆರೆಸುತ್ತಿದ್ದ, ಅದಕ್ಕೆ ಸಮನಾದದ್ದು ಇಲ್ಲ, ಆದರೆ ಅದು ಈ ಮನೆಯ ಗೇಟು ದಾಟುವ ಹಾಗಿಲ್ಲವಲ್ಲ ಎಂದ. ಗೊರಸು ಬಿಟ್ಟು ಸೋಡಾ ಹಾಕಿದ್ದಕ್ಕೇ ಹೀಗಾಯಿತೋ, ಈ ಸಲ ಹುಣಸೆ ಇದ್ದಲು ಸಿಗದೆ ಜಾಲಿಯದು ತಂದದ್ದಕ್ಕೋ ಎಂದು ತನ್ನಷ್ಟಕ್ಕೆ ಗೊಣಗಿಕೊಂಡ.

"ಹೋದ ಸಲ ನಡುವಿನ ಸಲಾಕಿ ಕೆಂಪಾಗಿದ್ದಿಲ್ರಿ ಅಕ್ಕಾರ," ಎಂದ. "ಸಾವಕಾರ್ರಿಗೆ ಹೇಳಿದೆ. ಲೆಕ್ಕ ಹಾಕಿಸೀನಿ, ಸುಮ್ಕಿರು ಅಂದ್ರು. ಡ್ಯಾಮಿನ ಇಂಜಿನೇರು ಯಾರರ ಹಾಕಿ ಕೊಟ್ಟಿರಬೇಕು ಅಂತ ನಾನೂ ಸುಮ್ಕಾದೆ."

ಅಕ್ಕನಾಗಮ್ಮ ಬಾಯಿ ತೆರೆದಳು. ಹಿಂದೆ ಗಂಡ ನಿಂತಿದ್ದ. ಅವಳು ಬಾಯಿ ಮುಚ್ಚಿದಳು.

ಗುರುವಾರ ಬೆಳಕು ಹರಿಯುವಾಗ ಕುಲುಮೆ ಹೊತ್ತಿಸಿದರು. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಗಾಳಿಯ ಫ್ಯಾನು ನಿಂತಿತು. ಕುಲುಮೆಯ ಬಾಯಿಯ ಬಿಳಿ ಬಣ್ಣ ಹಳದಿಗೆ, ಹಳದಿ ಕೆಂಪಿಗೆ ಇಳಿಯುವುದನ್ನು ಅವಳು ಕಣ್ಣಾರೆ ಕಂಡಳು. ಇದ್ದಲಿನ ಸತ್ವ ಕಬ್ಬಿಣದೊಳಗೆ ಇಳಿಯುವುದೂ ಈಗ ಹಾಗೆಯೇ ನಿಲ್ಲುತ್ತಿದೆ. ಮೂಲೆಯಲ್ಲಿ ಕೈಯಿಂದ ತಿರುಗಿಸುವ ಹಳೆಯ ತಿದಿಯೊಂದಿತ್ತು. ಮಾರೆಣ್ಣ ಅದನ್ನು ಎಳೆದು ಕೂಡಿಸಿ ತಿರುಗಿಸತೊಡಗಿದ. ಅರ್ಧ ತಾಸಿಗೆ ಅವನ ಉಸಿರು ಹತ್ತಿತು. ಹಾಲಸಿದ್ದಪ್ಪ ಆಸ್ಪತ್ರೆಯ ಕಡೆ ಹೋಗಿದ್ದ, ಒಳಗೆ ಹೋಗುವ ಧೈರ್ಯವಿಲ್ಲದೆ ಗೇಟಿನಲ್ಲೇ ನಿಂತು ವಿಚಾರಿಸಿಕೊಂಡು ಬರಲು. ಅಕ್ಕನಾಗಮ್ಮ ಸೆರಗು ಸಿಕ್ಕಿಸಿಕೊಂಡು ಹಿಡಿಕೆ ಹಿಡಿದಳು. ಗುರುಬಸಮ್ಮ ಬಾಗಿಲಿಗೆ ಬಂದು, ಬೆವರಿನಲ್ಲಿ ತೋಯ್ದು ಕರ್ರಗಾದ ಸೊಸೆಯನ್ನು ನೋಡಿ, ಇದಕ್ಕೇನು ಓದಿಸಿದರು ನಿನ್ನನ್ನು ಎಂದು ಕೇಳಿದರು. ಅವಳು ತಿರುಗಿಸುತ್ತಲೇ ಇದ್ದಳು. ಹೊರಗೆ ಯಾವ ಲಾರಿ ಹಾರ್ನು ಮಾಡಿದರೂ ಸಿರುಗುಪ್ಪದಿಂದ ಯಾರೋ ಇನ್ನೊಂದು ಗೋಣಿತಟ್ಟಿನ ಗಂಟು ತಂದರು ಎಂದು ಬಾಗಿಲ ಕಡೆ ತಿರುಗುತ್ತಿದ್ದಳು.

ಎರಡೂವರೆಗೆ ಕರೆಂಟು ಬಂತು. ನಾಲ್ಕಕ್ಕೆ ಮಾರೆಣ್ಣ ಸಲಾಕೆಯನ್ನು ಎಳೆದ. ತುದಿಯವರೆಗೂ ಕಿತ್ತಳೆ. ಅದನ್ನು ಮತ್ತೆ ಕಾಯಿಸಿ, ನೀರಿನಲ್ಲಿ ಅದ್ದಿ, ವೈಸಿನ ದವಡೆಗೆ ಸಿಕ್ಕಿಸಿ ಮುರಿದ. ಮುರಿದ ಬಾಯಲ್ಲಿ ಸುತ್ತಲೂ ಬೂದುಬಣ್ಣದ ನವುರಾದ ಉಂಗುರ, ನಡುವೆ ಹೊಳೆಯುವ ಒರಟು ತಿರುಳು. ಉಂಗುರ ಎಲ್ಲ ಕಡೆಯೂ ಒಂದೇ ದಪ್ಪ. ಮಾರೆಣ್ಣ ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ. ಇಂಥದ್ದು ಹತ್ತೊಂಬತ್ತು ವರ್ಷದಲ್ಲಿ ನೋಡಿರಲಿಲ್ಲ ಎಂದ. ಅಕ್ಕನಾಗಮ್ಮನಿಗೆ ಸಂತೋಷವಾಗಲಿಲ್ಲ. ಐದು ವಾರದ ಹಿಂದೆ ಬಚ್ಚಲ ಬಾಗಿಲಲ್ಲಿ ಒಂದು ಗಳಿಗೆ ನಿಂತಿದ್ದರೆ ಸಾಕಾಗಿತ್ತು.

ಕುರುಗೋಡಿನ ತವರುಮನೆಗೆ ಹೋಗಿಬರುತ್ತೇನೆಂದು ಅತ್ತೆಗೆ ಹೇಳಿ ಶುಕ್ರವಾರ ಮೊದಲ ಬಸ್ಸಿಗೆ ಹೊರಟಳು. ಸುಳ್ಳೇನಲ್ಲ, ಕುರುಗೋಡಿನಲ್ಲಿ ಮೂರು ಟ್ರೇಲರು ಇದ್ದವು. ಮಾರೆಣ್ಣ ಹನ್ನೆರಡು ಪಿನ್ನಿನ ಚೀಲ ಹೊತ್ತು ಹಿಂದಿನ ಸೀಟಿನಲ್ಲಿ ಕೂತಿದ್ದ.

ಕೆಲಸ ಸರಳವಿತ್ತು. ಪಿನ್ನು ಎಳೆದು, ಒರೆಸಿ, ಅರ ಹಚ್ಚುವುದು. ಜಾರಿದರೆ ಅಂಚಿನದು, ಮತ್ತೆ ಇಳಿಬಿಡುವುದು. ಕಚ್ಚಿದರೆ ನಡುಸಾಲಿನದು, ಬದಲಿಸುವುದು. ಕುರುಗೋಡಿನಲ್ಲಿ ಮೂರರಲ್ಲಿ ಒಂದು ಕಚ್ಚಿತು. ಅರದ ಹಲ್ಲಿಗೆ ಕಬ್ಬಿಣದ ಪುಡಿ ಹತ್ತುವ ಕಿರುಸದ್ದು ಅವಳ ಹಲ್ಲಿನಲ್ಲೇ ಕೇಳಿಸಿದ ಹಾಗಾಯಿತು. ಸಿರುಗುಪ್ಪದಲ್ಲಿ ಗವಿಸಿದ್ದಪ್ಪ ಯಾರಿಗೆ ಯಾವ ಟ್ರೇಲರು ಕೊಟ್ಟೆನೆಂದು ಬೆರಳು ಮಡಿಸಿ ಮಡಿಸಿ ಹೇಳಿದ. ಅವನಿಗೆ ಅನುಮಾನ ಬಂದಿತ್ತು. ಇಷ್ಟು ವರ್ಷದಲ್ಲಿ ಹಾಲಸಿದ್ದಪ್ಪ ಏನನ್ನೂ ಪುಕ್ಕಟೆ ಕೊಟ್ಟವನಲ್ಲ, ಈಗ ಹೆಂಡತಿಯನ್ನೇ ಕಳಿಸಿ ಕೊಡುತ್ತಿದ್ದಾನೆಂದರೆ ಮನೆಯಲ್ಲಿ ಏನಾದರೂ ಹರಕೆಯೇ ಎಂದು ನಕ್ಕ. ಅವಳು ಹೊಸ ಮಾಡೆಲ್ ಎಂದಳು. ಅವನು ಮುರಿದ ಪಿನ್ನಿನ ಸುದ್ದಿ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ರಾತ್ರಿ ಅವನ ಮನೆಯಲ್ಲೇ ಹೆಂಗಸರ ಜೊತೆ ಮಲಗಿದಳು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಸಿರುಗುಪ್ಪ, ತೆಕ್ಕಲಕೋಟೆ, ನಡುವಿನ ಕಾಲುವೆ ಕ್ಯಾಂಪಿನ ಊರುಗಳನ್ನೆಲ್ಲ ಸುತ್ತಿ ಹತ್ತು ಸಿಕ್ಕವು. ಪ್ರತಿಯೊಂದೂ ಹಿಂದಿನದಕ್ಕಿಂತ ಹೆಚ್ಚು ಸವೆದಿತ್ತು, ಅಥವಾ ಅವಳಿಗೆ ಹಾಗೆ ಕಾಣುತ್ತಿತ್ತು. ಒಂದು ಕಡೆ ಪಿನ್ನು ಎಳೆಯುವಾಗ ಮಾರೆಣ್ಣನ ಕೈಯಲ್ಲೇ ಬಾಗಿತು. ಉಳಿದದ್ದು ಒಂದೇ ಟ್ರೇಲರು, ಬದಲಿಸಬೇಕಾದ ಒಂದೇ ಪಿನ್ನು. ಹಚ್ಚೊಳ್ಳಿಯ ತಿಪ್ಪೇರುದ್ರಪ್ಪನದು.

ಅವರು ಹೋಗುವಷ್ಟರಲ್ಲಿ ಟ್ರ್ಯಾಕ್ಟರು ಅಂಗಳದಿಂದ ಹೊರಗೆ ಬಂದು ನಿಂತಿತ್ತು. ಇಂಜಿನ್ನು ನಡೆಯುತ್ತಿತ್ತು. ಸಸಿಯ ಕಟ್ಟುಗಳ ಮೇಲೆ ಮೂವತ್ತು ಹೆಣ್ಣಾಳುಗಳು ಒತ್ತಿ ಕೂತಿದ್ದರು. ಏರಿಯ ಆಚೆಗಿನ ಗದ್ದೆಗೆ ಕಾಲುವೆ ನೀರಿನ ಸರದಿ ಸಂಜೆ ಆರಕ್ಕೆ ಮುಗಿಯುವುದಿತ್ತು. ತಿಪ್ಪೇರುದ್ರಪ್ಪ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತು ಡ್ರೈವರನನ್ನು ಅವಸರ ಮಾಡುತ್ತಿದ್ದ. ಅರವತ್ತು ದಾಟಿದ ದೊಡ್ಡ ಆಳು, ಬಿಳಿಯ ರುಮಾಲು.

ಮಾರೆಣ್ಣ ಕೈಮುಗಿದು ಬಂದ ಕೆಲಸ ಹೇಳಿದ. ಹೊಸ ಮಾಡೆಲ್ ಪಿನ್ನು, ಎರಡು ನಿಮಿಷದ ಕೆಲಸ ಎಂದ. ತಿಪ್ಪೇರುದ್ರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಮೊನ್ನಿ ಊರಾಗ ಇನ್ನೊಬ್ಬರ ಟ್ರೇಲರ್ ಬಿದ್ದಿದ್ದಕ್ಕ ಈಗ ಎಲ್ಲಾರ ಕೊಂಡಿ ಬಿಚ್ಚಿಸ್ತೀಯೇನಲೇ? ಅವರು ಹೇರಿದ್ದು ಹೆಚ್ಚಾತು, ಬಿತ್ತು. ನನ್ನ ಪಿನ್ನು ಗಟ್ಟಿ ಐತಿ. ಸೋಮವಾರ ಬಾ."

ಎರಡು ನಿಮಿಷ ಇಂಜಿನ್ನು ನಿಲ್ಲಿಸಿದರೆ ಸಾಕೆಂದು ಮಾರೆಣ್ಣ ಬೇಡಿಕೊಂಡ. ನಿಲ್ಲಿಸಿದರೆ ಮತ್ತೆ ಹತ್ತಬೇಕಲ್ಲ, ಬ್ಯಾಟರಿ ಸತ್ತಿದೆ, ತಳ್ಳಲು ನಿಮ್ಮ ಸಾಹುಕಾರ ಬಳ್ಳಾರಿಯಿಂದ ಬರುತ್ತಾನೇನು ಎಂದು ತಿಪ್ಪೇರುದ್ರಪ್ಪ ಕೇಳಿದ. ಮೇಲೆ ಕೂತಿದ್ದವರಲ್ಲಿ ಕೆಲವರು ನಕ್ಕರು. ಅಕ್ಕನಾಗಮ್ಮನನ್ನು ನೋಡಿ ಅವನ ದನಿ ತುಸು ತಗ್ಗಿತು. "ಅವ್ವಾ, ಬಿಸಿಲಾಗ ಯಾಕ ನಿಂತೀರಿ? ಮನಿಯಾಗ ಹೆಣ್ಮಕ್ಕಳದಾರ, ಕುಂದರ್ರಿ. ಮಜ್ಜಿಗಿ ಕುಡೀರಿ."

ಡ್ರೈವರು ಗೇರು ಹಾಕಿದ. ಕೊಂಡಿ ಕಟಕ್ಕೆಂದು ಬಿಗಿಯಿತು. ಆ ಕಟಕ್ಕಿನಲ್ಲಿ ಎಷ್ಟು ಸಡಿಲವಿದೆಯೆಂದು ಅವಳ ಕಿವಿಗೆ ಈಗ ಗೊತ್ತಾಗುತ್ತಿತ್ತು. ಎರಡು ದಿನದಿಂದ ಕೇಳಿದ ಕಟಕ್ಕುಗಳಲ್ಲೆಲ್ಲ ಇದೇ ದೊಡ್ಡದು. ಮುಂದೆ ಐವತ್ತು ಮಾರು ದೂರದಲ್ಲಿ ಏರಿ ಹತ್ತುವ ದಾರಿ ಕಾಣುತ್ತಿತ್ತು.

ಅವಳು ಹೋಗಿ ಟ್ರ್ಯಾಕ್ಟರಿನ ಮುಂದೆ ನಿಂತಳು. ಡ್ರೈವರು ಬ್ರೇಕು ತುಳಿದ.

"ಆ ಪಿನ್ನು ಮೆತ್ತಗೈತಿ," ಎಂದಳು. ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ದನಿ ಎತ್ತಿ ಇನ್ನೊಮ್ಮೆ ಹೇಳಿದಳು. "ಹೊಸ ಮಾಡೆಲ್ಲು ಅಲ್ಲ ಇದು. ನಮ್ಮ ವರ್ಕ್‌ಶಾಪಿನಾಗ ಹನ್ನೆರಡು ಪಿನ್ನು ಬೇಯಲಿಲ್ಲ. ಎಷ್ಟು ತಾಸು ಇಡಬೇಕಂತ ನನ್ನ ಕೇಳಿದ್ರು. ನಾನು ತಪ್ಪು ಹೇಳಿದೆ. ಮೊನ್ನಿ ಮುರಿದದ್ದು ಅದರಾಗ ಒಂದು. ಇದು ಕಡೀದು."

ಗಂಡ ಬೇಡವೆಂದ ಮಾತು ಮೂವತ್ತು ಜನರ ಕಿವಿಗೆ ಬಿತ್ತು. ಸಂಜೆಯೊಳಗೆ ಅದು ತನಗಿಂತ ಮುಂಚೆ ಬಳ್ಳಾರಿ ತಲುಪುತ್ತದೆಂದು ಅವಳಿಗೆ ಗೊತ್ತಿತ್ತು. ವರ್ಕ್‌ಶಾಪಿನ ಬಾಗಿಲಿಗೆ ಇನ್ನು ಯಾರೂ ಬರುವುದಿಲ್ಲವೆಂದೂ ಗೊತ್ತಿತ್ತು. ಮಾರೆಣ್ಣ ಚೀಲ ಹಿಡಿದು ಅವಳನ್ನೇ ನೋಡುತ್ತಿದ್ದ.

ಟ್ರೇಲರಿನ ಮೇಲಿಂದ ಒಬ್ಬಳು ಇಳಿದಳು. ನಲವತ್ತರ ಹೆಂಗಸು, ಕೆಸರಿನ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ಎರ್ರಮ್ಮ ಅವಳ ಹೆಸರು. ಅವಳು ಇಳಿದದ್ದನ್ನು ನೋಡಿ ಇನ್ನಿಬ್ಬರು ಇಳಿದರು, ಆಮೇಲೆ ಎಲ್ಲರೂ. ಕೂಲಿಯಾಳುಗಳೇ ಇಳಿದ ಮೇಲೆ ತಿಪ್ಪೇರುದ್ರಪ್ಪ ಇಂಜಿನ್ನು ನಿಲ್ಲಿಸಲು ಕೈಸನ್ನೆ ಮಾಡಿದ.

ಪಿನ್ನು ಎಳೆದರೆ ಬರಲಿಲ್ಲ. ಸುತ್ತಿಗೆಯಿಂದ ಕೆಳಗಿನಿಂದ ಬಡಿದು ತೆಗೆಯಬೇಕಾಯಿತು. ಅರ ಹಚ್ಚುವ ಅಗತ್ಯವಿರಲಿಲ್ಲ. ನಡುವೆ ಕಿರುಬೆರಳಿನಷ್ಟು ಉಳಿದಿತ್ತು, ಅದರ ಒಂದು ಮಗ್ಗುಲಿಗೆ ಬಿರುಕು ಕೂಡ ಓಡಿತ್ತು. ತಿಪ್ಪೇರುದ್ರಪ್ಪ ಅದನ್ನು ಕೈಗೆ ತೆಗೆದುಕೊಂಡು, ಏರಿಯ ದಾರಿಯನ್ನೊಮ್ಮೆ ನೋಡಿ, ಮಾರೆಣ್ಣನ ಕೈಗೆ ವಾಪಸ್ಸು ಕೊಟ್ಟ. ಮಾರೆಣ್ಣ ಹೊಸದನ್ನು ಇಳಿಬಿಟ್ಟು ಕಡ್ಡಿ ಸಿಕ್ಕಿಸಿದ. ಇನ್ನು ಹತ್ತಬಹುದು ಎಂದ. ಯಾರೂ ಹತ್ತಲಿಲ್ಲ. ಹೆಣ್ಣಾಳುಗಳು ಸೀರೆ ಸರಿಮಾಡಿಕೊಂಡು ಏರಿಯ ಮೇಲೆ ಸಾಲಾಗಿ ನಡೆದುಹೋದರು. ಸಸಿಯನ್ನಷ್ಟೇ ಹೊತ್ತ ಟ್ರೇಲರು ಅವರ ಹಿಂದೆ ಮೆಲ್ಲಗೆ ಹೋಯಿತು.

ಎರ್ರಮ್ಮ ಮಾತ್ರ ಉಳಿದಳು.

"ಹನುಮಿ ನನ್ನ ತಂಗಿ," ಎಂದಳು. "ಆಕಿಗೆ ಹೇಳೀರೇನು ಇದನ್ನ?"

ಅಕ್ಕನಾಗಮ್ಮ ಇಲ್ಲ ಎಂದಳು.

"ಭಾಳ ಜನ ಹತ್ತಿದ್ದಕ್ಕ ಹಿಂಗಾತು ಅಂತಾರ ಊರಾಗ. ಕಡೀಗೆ ಹತ್ತಿದಾಕಿ ಆಕಿ. ಸರಕೊಳ್ಳಿ ಅಂತ ಜಗಳಾಡಿ ಹತ್ತಿದ್ಲು. ಮೂರು ದಿನದಿಂದ ಅದನ್ನ ಅಂತಾಳ. ನಾ ಹತ್ತಬಾರದಿತ್ತು, ನಾ ಹತ್ತಬಾರದಿತ್ತು." ಅವಳು ಸೊಂಟಕ್ಕೆ ಕಟ್ಟಿದ ಸೆರಗನ್ನು ಬಿಚ್ಚಿ ಮುಖ ಒರೆಸಿಕೊಂಡಳು. "ದವಾಖಾನಿಗೆ ನಾನೂ ಬರ್ತೀನಿ. ನನ್ನ ಮುಂದ ಹೇಳ್ರಿ."

ಆ ದಿನದ ಕೂಲಿಯನ್ನು ಬಿಟ್ಟು, ಕೆಸರು ಕಾಲಿನಲ್ಲೇ ಅವಳು ಬಸ್ಸು ಹತ್ತಿದಳು. ಸಿರುಗುಪ್ಪದಲ್ಲಿ ಬಸ್ಸು ಬದಲಿಸುವಾಗ ಮಾರೆಣ್ಣ ಅಕ್ಕನಾಗಮ್ಮನ ಹತ್ತಿರ ಬಂದು ನಿಂತ. ಅವನ ಚೀಲದಲ್ಲಿ ಹನ್ನೊಂದು ಸವೆದ ಪಿನ್ನುಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ಹಂಗಾರ ಇಂಜಿನೇರು ಇದ್ದಿಲ್ಲ," ಎಂದ. ಪ್ರಶ್ನೆಯಲ್ಲ ಅದು. "ನನ್ನ ಇದ್ದಲಿ ಕೆಟ್ಟೈತಿ ಅಂತ ಮನಿಯಾಗ ಅನ್ನ ಇಳೀಲಿಲ್ರಿ ನನಗ ಮೂರು ದಿನ. ಕುಲುಮಿ ಮುಂದ ಇಡೀ ದಿನ ಕೂಡಿ ತಿದಿ ತಿರುವಿದ್ವಿ. ಆವಾಗರ ಹೇಳಬೇಕಾಗಿತ್ತು ಅಕ್ಕಾರ."

ಅವಳು ಹೌದು ಎಂದಳು. ಅವನು ಹೋಗಿ ಹಿಂದಿನ ಸೀಟಿನಲ್ಲಿ, ಕಿಟಕಿಗೆ ಮುಖ ಮಾಡಿ ಕೂತ.

ಎರ್ರಮ್ಮ ಅಕ್ಕನಾಗಮ್ಮನ ಪಕ್ಕದಲ್ಲಿ ಕೂತಳು. ಇಬ್ಬರ ತೊಡೆಗಳ ನಡುವೆ ಒಂದು ಗೇಣು ಜಾಗ. ಬಸ್ಸು ತೆಕ್ಕಲಕೋಟೆ ದಾಟಿತು. ಆಮೇಲೆ ಎರ್ರಮ್ಮ, ಹೇಗೆ ಹೇಳುತ್ತೀರಿ ಅವಳಿಗೆ ಎಂದು ಕೇಳಿದಳು.

ಅಕ್ಕನಾಗಮ್ಮ ಅದನ್ನೇ ಕಟ್ಟಿಕೊಳ್ಳುತ್ತಿದ್ದಳು. ಪೆಟ್ಟಿಗೆ ಎರಡರಷ್ಟು ಅಗಲವಾದಾಗ ಶಾಖ ಒಳಗೆ ಮುಟ್ಟಲು ನಾಲ್ಕರಷ್ಟು ಹೊತ್ತು ಬೇಕಾಗುತ್ತದೆ, ಶಾಖ ಮುಟ್ಟದಿದ್ದರೆ ಇದ್ದಲಿನ ಸತ್ವ ಕಬ್ಬಿಣಕ್ಕೆ ಇಳಿಯುವುದಿಲ್ಲ ಎಂದು ತೊಡಗಿದಳು.

"ಅದು ಆಕಿಗೆ ಬ್ಯಾಡ," ಎಂದಳು ಎರ್ರಮ್ಮ.

ಗೊತ್ತಿದ್ದೂ ಆ ಹೊತ್ತಿಗೆ ನೆನಪಾಗಲಿಲ್ಲ, ಒಲೆಯ ಮುಂದಿದ್ದೆ, ಅತ್ತೆ ಕರೆಯುತ್ತಿದ್ದರು, ಗಂಡನೂ ಇನ್ನೊಮ್ಮೆ ಕೇಳಲಿಲ್ಲ ಎಂದಳು.

"ಅದೂ ಬ್ಯಾಡ."

ಬಸ್ಸು ಒಂದು ಕಡೆ ನಿಂತಿತು. ಇಬ್ಬರು ಇಳಿದರು, ಒಬ್ಬ ಹತ್ತಿದ. ಕಿಟಕಿಯಾಚೆ ನೀರು ನಿಂತ ಗದ್ದೆಗಳಲ್ಲಿ ಬಾಗಿದ ಬೆನ್ನುಗಳು, ಬದುವಿನ ಮೇಲೆ ಒಂದು ಟ್ರೇಲರು. ಅದು ಯಾರದೆಂದು ಅಕ್ಕನಾಗಮ್ಮನಿಗೆ ಗೊತ್ತಿತ್ತು, ಅದರ ಪಿನ್ನು ಗಟ್ಟಿಯಿದೆಯೆಂದೂ ಗೊತ್ತಿತ್ತು. ಆದರೂ ಕಣ್ಣು ಅದರ ಕೊಂಡಿಯನ್ನು ಬಿಟ್ಟು ಬರಲಿಲ್ಲ.

"ನನ್ನ ಒಂದು ಮಾತು ಕೇಳಿದ್ರು," ಎಂದಳು ಕಡೆಗೆ. "ವಿಚಾರ ಮಾಡ್ದ ಹೇಳಿದೆ. 'ಗೊತ್ತಿಲ್ಲ, ನೋಡಿ ಹೇಳ್ತೀನಿ' ಅನ್ನಾಕ ನಾಚಿಕಿ ಬಂತು ನನಗ. ಓದಿದಾಕಿ ಅಂತ."

ಎರ್ರಮ್ಮ ಕಾಲಿಗೆ ಒಣಗಿ ಅಂಟಿದ ಕೆಸರನ್ನು ಉಗುರಿನಿಂದ ಕೆರೆದಳು.

"ಹೂಂ," ಎಂದಳು. "ಅದನ್ನ ಹೇಳ್ರಿ."